ಬೇಡ ಪಕ್ಷದ ಹೊಸ ಸದಸ್ಯ

ನಮ್ಮಣ್ಣನ ಪಕ್ಷಕ್ಕೆ ಒಂದು ಉದ್ದನೆಯ ಹೆಸರಿತ್ತು. ಅದು ಯಾರ ನಾಲಿಗೆಗೂ ಹತ್ತಲಿಲ್ಲ. ಊರೆಲ್ಲ ಅದನ್ನು ಬೇಡ ಪಕ್ಷ ಎಂದೇ ಕರೆಯುತ್ತಿತ್ತು. ಹೊಸ ತೆರಿಗೆ ಬೇಡ, ಪರವಾನಗಿ ಬೇಡ, ಇನ್ನೊಬ್ಬರ ಮನೆಯೊಳಗೆ ಇಣುಕುವುದು ಬೇಡ, ಸರ್ಕಾರ ಎಷ್ಟು ಚಿಕ್ಕದಾದರೆ ಅಷ್ಟು ಒಳ್ಳೆಯದು. ಈ ಮಾತುಗಳನ್ನು ಹೇಳಿಕೊಂಡು ಅಣ್ಣ ಮೂರು ಸಲ ನಗರಸಭೆಗೆ ನಿಂತಿದ್ದ. ಮೂರನೆಯ ಸಲ ಬಿದ್ದದ್ದು ನೂರ ನಲವತ್ತಮೂರು ಮತ. ಅದರಲ್ಲಿ ಒಂದು ನನ್ನದು, ಒಂದು ಅತ್ತಿಗೆಯದು. ಅತ್ತಿಗೆಯದು ಖಾತ್ರಿಯಿಲ್ಲ.

ಅಣ್ಣನ ಕಸುಬು ತಕ್ಕಡಿ ರಿಪೇರಿ. ಅಂಗಡಿಯವರ ತೂಕದ ಯಂತ್ರಗಳು ಅವನ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಕೂತಿರುತ್ತವೆ. ಒಂದು ಗ್ರಾಂ ಹೆಚ್ಚುಕಡಿಮೆಯಾದರೂ ಅವನಿಗೆ ಊಟ ರುಚಿಸುವುದಿಲ್ಲ. ಮಾತಿನಲ್ಲೂ ಅಷ್ಟೇ. ನಿಯಮ ಎಂದರೆ ನಿಯಮ, ಅದೂ ತಾನೇ ಬರೆದ ನಿಯಮವಾದರೆ ಮುಗಿದೇ ಹೋಯಿತು. ಅವನ ಪಕ್ಷಕ್ಕೆ ಮೂರೇ ನಿಯಮ. ಕೇಳಿದವರಿಗೆಲ್ಲ ಸದಸ್ಯತ್ವದ ಕಾರ್ಡು ಕೊಡಬೇಕು, ನೀವು ಯಾರು, ಏನು ಮಾಡುತ್ತೀರಿ ಎಂದು ವಿಚಾರಿಸಬಾರದು. ಪಕ್ಷದ ಯಾವ ಕಾಗದವನ್ನಾದರೂ ಯಾವ ಸದಸ್ಯನಾದರೂ ನೋಡಬಹುದು. ನಿಯಮ ಬದಲಿಸಬೇಕಾದರೆ ಎಲ್ಲ ಸದಸ್ಯರೂ ಒಪ್ಪಬೇಕು. ಈ ಮೂರನ್ನೂ ಬರೆಸಿ, ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದ್ದ.

ನಾನು ಬಟ್ಟೆ ಕಾರ್ಖಾನೆಯಿಂದ ಕತ್ತರಿಸಿದ ಕಾಲರ್‌ಗಳನ್ನು ತಂದು ಮನೆಮನೆಗೆ ಹಂಚುತ್ತೇನೆ. ಹೆಂಗಸರು ಹೊಲಿದಿಟ್ಟದ್ದನ್ನು ವಾರಕ್ಕೊಮ್ಮೆ ವಾಪಸು ಒಯ್ಯುತ್ತೇನೆ. ಹದಿನಾರು ವರ್ಷದಿಂದ ಇದೇ ಕೆಲಸ. ಎಲ್ಲರೂ ಕರೆಯುವುದು ಕಾಲರ್ ಅಕ್ಕ ಎಂದು. ನಮ್ಮ ವಾರ್ಡಿನಲ್ಲಿ ಯಾವ ಪರದೆಯ ಹಿಂದೆ ಹೊಲಿಗೆ ಯಂತ್ರವಿದೆ, ಯಾವ ಮಂಚದ ಕೆಳಗೆ ರಿಪೇರಿಗೆ ಬಂದ ರೇಡಿಯೋಗಳಿವೆ, ಯಾರ ಮನೆಯಲ್ಲಿ ಸಂಜೆ ಮಕ್ಕಳಿಗೆ ಪಾಠ ನಡೆಯುತ್ತದೆ, ಎಲ್ಲ ನನಗೆ ಗೊತ್ತು. ಅತ್ತಿಗೆಯೂ ಕೆಲಸಕ್ಕೆ ಹೋಗುವ ತಾಯಂದಿರ ಐದು ಕೂಸುಗಳನ್ನು ಹಗಲೆಲ್ಲ ನೋಡಿಕೊಳ್ಳುತ್ತಿದ್ದಳು.

ಕಳೆದ ವರ್ಷ ನಗರಸಭೆ ಒಂದು ಕಾನೂನು ತಂದಿತು. ಮನೆಯಲ್ಲಿ ಕೂತು ದುಡಿಯುವವರೆಲ್ಲ ಪರವಾನಗಿ ಪಡೆಯಬೇಕು. ಅದಕ್ಕೆ ಬೇರೆ ಕೋಣೆ ಇರಬೇಕು, ಆ ಕೋಣೆಗೆ ಬೇರೆ ಬಾಗಿಲಿರಬೇಕು, ಜೊತೆಗೆ ಆರು ತಿಂಗಳ ತರಬೇತಿಯ ಪ್ರಮಾಣಪತ್ರ. ಇಲ್ಲವಾದರೆ ಸಾಮಾನಿಗೆ ಸೀಲು. ಇರುವುದೇ ಒಂದು ಕೋಣೆ, ಬೇರೆ ಬಾಗಿಲನ್ನು ತಲೆಯ ಮೇಲೆ ಇಟ್ಟುಕೊಳ್ಳಬೇಕೇ? ಎರಡು ದೊಡ್ಡ ಪಕ್ಷಗಳೂ ಒಟ್ಟಿಗೆ ಕೈ ಎತ್ತಿ ಆ ಕಾನೂನನ್ನು ಪಾಸು ಮಾಡಿದವು. ಒಂದಕ್ಕೆ ಅಂಗಡಿ ಮಾಲೀಕರ ಸಂಘ ಬೇಕಿತ್ತು, ಇನ್ನೊಂದಕ್ಕೆ ಶುಚಿತ್ವದ ಹೆಸರು ಬೇಕಿತ್ತು. ಅಷ್ಟರಲ್ಲಿ ನಮ್ಮ ವಾರ್ಡಿನ ಸದಸ್ಯ ತೀರಿಕೊಂಡು ಉಪಚುನಾವಣೆ ಬಂತು.

"ಅಣ್ಣ, ಈ ಸಲ ಸ್ವಾತಂತ್ರ್ಯ ಗೀತಂತ್ರ್ಯ ಅಂತ ಭಾಷಣ ಬಿಗೀಬೇಡ. ಈ ಕಾನೂನು ಬೇಡ ಅಂತ ಅಷ್ಟೇ ಹೇಳು. ಅವರಿಬ್ಬರೂ ಒಂದೇ ಕಡೆ ಇದ್ದಾರೆ. ಈ ಕಡೆ ನಿಲ್ಲೋಕೆ ನಿನ್ನ ಬಿಟ್ರೆ ಯಾರೂ ಇಲ್ಲ," ಎಂದೆ.

"ಉಳಿದಿದ್ದನ್ನ ಯಾರು ಹೇಳ್ತಾರೆ?" ಅವನಿಗೆ ನಿಜವಾಗಿಯೂ ನೋವಾಗಿತ್ತು.

"ಗೆದ್ದು ಹೇಳು."

ಮೂರು ಜನ ನಿಂತ ಚುನಾವಣೆ. ಒಂದು ಸಾವಿರ ಮತ ಬಿದ್ದರೆ ಸಾಕು. ನಾನು ಗೆರೆ ಹಾಕಿದ ದಪ್ಪ ನೋಟ್‌ಬುಕ್ಕೊಂದನ್ನು ತಂದು, ಬೀದಿಯಿಂದ ಬೀದಿಗೆ, ಮನೆಯಲ್ಲಿ ದುಡಿಯುವವರ ಹೆಸರೆಲ್ಲ ಬರೆದೆ. ಹೆಸರಿನ ಮುಂದೆ ಕೆಲಸ, ಅದರ ಮುಂದೆ ಒಂದೆರಡು ಮಾತು. ಆರುನೂರ ಹನ್ನೆರಡು ಮನೆ. ಮತದಾನದ ದಿನ ಆ ಬಾಗಿಲುಗಳನ್ನು ತಟ್ಟಿ ಜನರನ್ನು ಹೊರಡಿಸಿದರೆ ಗೆದ್ದೆವು ಎಂದು ನನಗೆ ಖಚಿತವಾಗಿತ್ತು. ಆ ಪುಸ್ತಕ ಕಂಡರೆ ಅಣ್ಣನಿಗೆ ಆಗುತ್ತಿರಲಿಲ್ಲ. ಜನರ ಪಟ್ಟಿ ಮಾಡುವುದು ಸರ್ಕಾರದವರ ಚಾಳಿ ಎನ್ನುತ್ತಿದ್ದ. ಆದರೂ ಸುಮ್ಮನಿದ್ದ. ನಾಲ್ಕನೆಯ ಸಲ ಸೋಲಲು ಅವನಿಗೂ ಇಷ್ಟವಿರಲಿಲ್ಲ.

ಸೋಮವಾರ ಮತದಾನ. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಅಂಗಡಿಗೆ ಹೋದಾಗ ಅಣ್ಣನ ಎದುರು ಒಬ್ಬರು ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ತೊಡೆಯ ಮೇಲೆ ಚರ್ಮದ ಚೀಲ, ಕಿವಿಯ ಮೇಲೆ ಇಳಿಬಿದ್ದ ಕೂದಲು. ಅಣ್ಣ ಅವರಿಗೆ ಕಾರ್ಡು ಬರೆದು, ಸಹಿ ಹಾಕಿ, ಆಗಷ್ಟೇ ಕೈಗೆ ಕೊಟ್ಟಿದ್ದ. ನಗರಸಭೆಯ ಪರವಾನಗಿ ಇನ್ಸ್‌ಪೆಕ್ಟರು ಅವರು. ಪಕ್ಕದ ವಾರ್ಡಿನಲ್ಲಿ ಹೊಲಿಗೆ ಯಂತ್ರಗಳಿಗೆ ಸೀಲು ಹಾಕುವಾಗ ನಾನು ಕಣ್ಣಾರೆ ನೋಡಿದ್ದೆ.

"ಅಣ್ಣ, ಇವರು ಯಾರು ಅಂತ ಗೊತ್ತಾ?"

"ಕೇಳಬಾರದಲ್ಲ."

ಇನ್ಸ್‌ಪೆಕ್ಟರು ನಗಲಿಲ್ಲ. ಅಣಕಿಸಲೂ ಇಲ್ಲ. ಗೋಡೆಯ ಕಡೆ ಬೆರಳು ತೋರಿಸಿ ಬಹಳ ವಿನಯದಿಂದ ಹೇಳಿದರು, "ಎರಡನೇ ನಿಯಮ. ಪಕ್ಷದ ಕಾಗದ ಸದಸ್ಯರು ನೋಡಬಹುದು. ಮನೇಲಿ ಕೂತು ದುಡಿಯೋರದ್ದು ಒಂದು ಪುಸ್ತಕ ಇದೆಯಂತೆ. ಅದನ್ನ ಸ್ವಲ್ಪ ತೋರಿಸ್ತೀರಾ?"

ಪುಸ್ತಕ ನನ್ನ ಹೆಗಲ ಚೀಲದಲ್ಲಿ, ಕಾಲರ್ ಕಟ್ಟುಗಳ ಅಡಿಯಲ್ಲಿತ್ತು. ನಾನು ಚೀಲವನ್ನು ಮುಂದಕ್ಕೆ ಎಳೆದುಕೊಂಡೆ. ಅಣ್ಣನ ಮುಖ ಬಿಳಿಚಿಹೋಗಿತ್ತು. ಏನಾಗಿದೆ ಎಂದು ಅವನಿಗೆ ಈಗ ಅರ್ಥವಾಗಿತ್ತು, ಆದರೂ ಅವನ ಕಣ್ಣು ಗೋಡೆಯ ಮೇಲಿನ ಆ ಹಾಳು ಕಟ್ಟಿನ ಮೇಲೇ ಇತ್ತು.

"ನಿಯಮ ಬದಲಾಯಿಸು, ಈಗಲೇ," ಎಂದೆ.

"ಎಲ್ಲ ಸದಸ್ಯರೂ ಒಪ್ಪಬೇಕು," ಎಂದ ಅಣ್ಣ.

"ನಾನು ಒಪ್ಪಲ್ಲ," ಎಂದರು ಹೊಸ ಸದಸ್ಯರು.

ಬೇರೆ ಯಾವ ಪಕ್ಷದಲ್ಲಾದರೂ ಇಷ್ಟು ಹೊತ್ತಿಗೆ ಆ ಮನುಷ್ಯನನ್ನು ಕುತ್ತಿಗೆ ಹಿಡಿದು ಬೀದಿಗೆ ತಳ್ಳಿರುತ್ತಿದ್ದರು. ನಮ್ಮವನು ತಲೆ ತಗ್ಗಿಸಿ ಕೂತಿದ್ದ. ಅವನ ಪ್ರಾಮಾಣಿಕತೆಯ ಮೇಲೆ ನನಗೆ ಆವತ್ತು ಬಂದಷ್ಟು ಕೋಪ ಯಾವ ಕಳ್ಳನ ಮೇಲೂ ಬಂದಿಲ್ಲ. "ತೋರಿಸಲೇಬೇಕಾಗುತ್ತೆ ಕಣೇ," ಎಂದ, ಅರೆ ದನಿಯಲ್ಲಿ. "ನಿಯಮ ಬೇಕಾದಾಗ ಇಟ್ಕೊಂಡು ಬೇಡವಾದಾಗ ಬಿಟ್ರೆ ಅವರಿಗೂ ನಮಗೂ ಏನು ವ್ಯತ್ಯಾಸ?"

ನನಗೆ ಹೊಳೆದದ್ದು ಆಗಲೇ. ಮೇಜಿನ ಮೇಲಿದ್ದ ರಸೀದಿ ಹಾಳೆಯೊಂದನ್ನು ಮಗುಚಿ, ನಾನು ಈ ಕ್ಷಣದಿಂದ ಪಕ್ಷದ ಸದಸ್ಯಳಲ್ಲ ಎಂದು ಬರೆದೆ. ಸಹಿ ಹಾಕಿ ಅಣ್ಣನ ಮುಂದೆ ತಳ್ಳಿದೆ.

"ಪುಸ್ತಕ ತಂದಿದ್ದು ನಾನು, ಬರೆದಿದ್ದು ನಾನು. ಪಕ್ಷಕ್ಕೆ ಯಾವತ್ತೂ ಕೊಟ್ಟಿಲ್ಲ. ಇದು ನನ್ನ ಸ್ವಂತ ವಸ್ತು."

ಅಣ್ಣ ಹಾಳೆಯನ್ನು ಎರಡು ಸಲ ಓದಿದ. ತೂಕ ಸರಿಬಂದಾಗ ಅವನ ಮುಖದಲ್ಲಿ ಕಾಣುವ ಒಂದು ಸಮಾಧಾನವಿದೆ, ಅದು ಕಾಣಿಸಿತು. "ಸರಿ," ಎಂದ ಇನ್ಸ್‌ಪೆಕ್ಟರಿಗೆ. "ಅವಳ ಸ್ವತ್ತು ಅವಳದ್ದು. ಅದನ್ನ ಕೇಳೋ ಹಕ್ಕು ಪಕ್ಷಕ್ಕೂ ಇಲ್ಲ, ನಿಮಗೂ ಇಲ್ಲ."

ಇನ್ಸ್‌ಪೆಕ್ಟರು ಎದ್ದರು. "ನನಗೂ ಮೇಲಿನವರಿದ್ದಾರಮ್ಮ," ಎಂದರು ನನಗೆ, ಯಾಕೋ ಸಮಜಾಯಿಷಿ ಕೊಡುವವರಂತೆ. ಕಾರ್ಡನ್ನು ಅಂಗಿಯ ಜೇಬಿಗೆ ಇಳಿಸಿ ಹೊರಟುಹೋದರು.

"ಕಾರ್ಡ್ ವಾಪಸ್ ಇಸ್ಕೋಬೇಕಿತ್ತು," ಎಂದೆ.

"ಕೊಟ್ಟಿದ್ದನ್ನ ಕಿತ್ಕೊಳ್ಳೋಕೆ ನಿಯಮ ಇಲ್ವಲ್ಲ," ಎಂದ. ಗಂಡಾಂತರ ಕಳೆಯಿತು ಎಂದುಕೊಂಡು ನಾನು ಕಾಲರ್ ಹಂಚಲು ಹೊರಟೆ. ನನ್ನ ದಡ್ಡತನಕ್ಕೆ ಏನು ಹೇಳಲಿ?

ಮಧ್ಯಾಹ್ನ ಎರಡು ಗಂಟೆಗೆ, ಕೊಳಾಯಿ ಬೀದಿಯ ಮೂರನೆಯ ಮನೆಯಲ್ಲಿ, ಕಾಲರ್ ಎಣಿಸಿಕೊಡುತ್ತಾ ಆ ಮನೆಯ ಹೆಂಗಸು ಹೇಳಿದಳು, "ನಿಮ್ಮ ಪಕ್ಷದವರು ಬಂದಿದ್ರು ಅಕ್ಕ. ಎಷ್ಟು ಒಳ್ಳೆಯವರು! ಮನೇಲಿ ಏನೇನು ಕೆಲಸ ಮಾಡ್ತೀರಿ, ಏನು ಕಷ್ಟ ಅಂತೆಲ್ಲ ಕೇಳಿ ಬರ್ಕೊಂಡ್ರು."

"ಯಾರು?"

"ಹೆಸರು ಕೇಳಲಿಲ್ಲ. ಕಾರ್ಡ್ ತೋರಿಸಿದ್ರು. ನಿಮ್ಮಣ್ಣನ ಸಹಿ ಇತ್ತು."

ಇನ್ಸ್‌ಪೆಕ್ಟರಿಗೆ ಪುಸ್ತಕವೇ ಬೇಕೆಂದಿರಲಿಲ್ಲ, ಕಾರ್ಡು ಸಾಕಿತ್ತು. ನಗರಸಭೆಯ ಗುರುತಿನ ಚೀಟಿ ಕಂಡರೆ ಚಿಲಕ ಹಾಕಿಕೊಳ್ಳುವ ಜನ, ನಮ್ಮ ಕಾರ್ಡು ಕಂಡೊಡನೆ ಪರದೆ ಸರಿಸಿ ಒಳಗೆ ಕರೆದಿದ್ದರು. ಹಾಗೆ ನಂಬಿ ಎಂದು ಆರು ವಾರದಿಂದ ಬೀದಿಬೀದಿ ತಿರುಗಿ ಹೇಳಿದವಳು ನಾನೇ.

ಓಡಿದೆ. ಅವರ ಹತ್ತಿರ ಪಟ್ಟಿಯಿಲ್ಲ, ಆದ್ದರಿಂದ ಪ್ರತಿ ಬಾಗಿಲನ್ನೂ ತಟ್ಟಬೇಕು. ನನಗೆ ಯಾವ ಬಾಗಿಲು ಮುಖ್ಯವೆಂದು ಗೊತ್ತು. ಅಷ್ಟೇ ನನಗಿದ್ದ ಅನುಕೂಲ. ಪ್ರತಿ ಮನೆಯಲ್ಲೂ ಒಂದೇ ಮಾತು ಹೇಳುತ್ತಾ ಹೋದೆ: "ಪಕ್ಷದವರು ಅಂತ ಯಾರು ಬಂದ್ರೂ ಬಾಗಿಲು ತೆಗೀಬೇಡಿ. ನಾನು ಬಂದ್ರೆ ಮಾತ್ರ." ಕೆಲವರು ತಲೆಯಾಡಿಸಿದರು. ಕೆಲವರು ಬಾಯಿಗೆ ಕೈ ಇಟ್ಟುಕೊಂಡರು, ಅವರ ಮನೆಗೆ ಇನ್ಸ್‌ಪೆಕ್ಟರು ಆಗಲೇ ಬಂದು ಹೋಗಿದ್ದರು. ರೇಡಿಯೋ ರಿಪೇರಿಯವನು ನನ್ನನ್ನು ಕೆಕ್ಕರಿಸಿ ನೋಡಿ ಬಾಗಿಲು ಹಾಕಿಕೊಂಡ. ಚೀಲದ ಪಟ್ಟಿ ಹೆಗಲನ್ನು ಕೊಯ್ಯುತ್ತಿತ್ತು. ಬೀದಿಯ ತುದಿಯಲ್ಲಿ ಉಳಿದದ್ದು ಕತ್ತರಿ ಅಕ್ಕನ ಮನೆ.

ಕತ್ತರಿ ಅಕ್ಕ ಕೂದಲು ಕತ್ತರಿಸುವವಳು. ಗಂಡ ಹೋಗಿ ಹನ್ನೊಂದು ವರ್ಷ. ಒಂದು ಕೋಣೆ, ಅದರ ನಡುವೆ ಎಲ್ಲೋ ಮುಚ್ಚಿದ ಸಲೂನಿನಿಂದ ಕೊಂಡು ತಂದ ಕಬ್ಬಿಣದ ಕುರ್ಚಿ, ಎದುರಿಗೆ ಒಂದು ಕನ್ನಡಿ. ಮಲಗುವಾಗ ಕುರ್ಚಿಯನ್ನು ಗೋಡೆಗೆ ಸರಿಸಿ ಚಾಪೆ ಹಾಸಿಕೊಳ್ಳುತ್ತಾಳೆ. ಬೀದಿಯ ಅರ್ಧ ತಲೆಗಳು ಅವಳ ಕೈಯಲ್ಲೇ ಬೆಳೆದವು.

ಬಾಗಿಲು ತೆರೆದೇ ಇತ್ತು. ಕುರ್ಚಿಯಲ್ಲಿ ಬಿಳಿಯ ಬಟ್ಟೆ ಹೊದ್ದು ಇನ್ಸ್‌ಪೆಕ್ಟರು ಕೂತಿದ್ದರು. ಎಡಗಡೆಯ ಕೂದಲು ಚೊಕ್ಕಟವಾಗಿತ್ತು, ಬಲಗಡೆಯದು ಇನ್ನೂ ಕಿವಿಯ ಮೇಲಿತ್ತು. ಕನ್ನಡಿಯಲ್ಲಿ ಅವರ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು.

"ಬಾ ಬಾ," ಎಂದಳು ಕತ್ತರಿ ಅಕ್ಕ. "ನಿಮ್ಮವರೇ. ದುಡ್ಡು ಬೇಡ ಅಂದೆ, ಕೇಳ್ತಾನೇ ಇಲ್ಲ. ಮೊದಲೇ ಕೊಟ್ಬಿಟ್ರು."

"ಅಕ್ಕ, ಕತ್ತರಿ ಕೆಳಗಿಡು," ಎಂದೆ. "ಇವರು ಪರವಾನಗಿ ಇನ್ಸ್‌ಪೆಕ್ಟರು."

ಅವಳು ನನ್ನನ್ನು ನೋಡಿದಳು. ಕನ್ನಡಿಯಲ್ಲಿದ್ದ ಆ ಮುಖವನ್ನು ನೋಡಿದಳು. ಇನ್ಸ್‌ಪೆಕ್ಟರು ಇಲ್ಲ ಎನ್ನಲಿಲ್ಲ. ಬಟ್ಟೆಯೊಳಗೆ ಅವರ ಕೈ ಸ್ವಲ್ಪ ಅಲುಗಿತು, ಅಷ್ಟೇ. ಚೂಪು ಕತ್ತರಿ ಅವರ ಕಿವಿಯಿಂದ ಒಂದು ಬೆರಳಿನಷ್ಟು ದೂರದಲ್ಲಿತ್ತು. ನನಗೆ ಕತ್ತರಿ ಅಕ್ಕನ ಸಿಟ್ಟು ಗೊತ್ತು.

ಆದರೆ ಅವಳು ಬಾಚಣಿಗೆ ಎತ್ತಿಕೊಂಡಳು. ಬಲಗಡೆಯನ್ನೂ ಕತ್ತರಿಸತೊಡಗಿದಳು, ಅವಸರವಿಲ್ಲದೆ, ಎರಡೂ ಕಡೆ ಸಮ ಬರುವಂತೆ ತಲೆಯನ್ನು ಬೆರಳಿನಿಂದ ತಿರುಗಿಸುತ್ತಾ. "ಅರ್ಧ ತಲೆ ಇಟ್ಕೊಂಡು ನನ್ನ ಮನೆಯಿಂದ ಇವತ್ತಿನವರೆಗೂ ಯಾರೂ ಹೋಗಿಲ್ಲ," ಎಂದಳು. ಮುಗಿಸಿ, ಕುತ್ತಿಗೆಯ ಕೂದಲು ಒರೆಸಿ, ಬಟ್ಟೆ ಕೊಡವಿದಳು.

ಇನ್ಸ್‌ಪೆಕ್ಟರು ಎದ್ದು ಚೀಲದಿಂದ ನೋಟಿಸು ತೆಗೆದರು. ಅದನ್ನು ಅವಳಿಗೆ ಕೊಡದೆ ನನ್ನ ಕಡೆ ತಿರುಗಿದರು. "ಇಡೀ ಬೀದಿ ಸುತ್ತಿದ್ದೀನಿ. ಸಿಕ್ಕಿದ್ದು ಒಂಬತ್ತು ಮನೆ. ನನಗೆ ಅದರಿಂದೇನೂ ಆಗಲ್ಲ. ನಿಮ್ಮ ಪುಸ್ತಕ ಕೊಡಿ, ಈ ನೋಟಿಸು ಇಲ್ಲೇ ಹರಿದು ಹಾಕ್ತೀನಿ. ಉಳಿದ ಎಂಟನ್ನೂ ಹರೀತೀನಿ."

ನಾನು ಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡೆ. ಆರುನೂರ ಹನ್ನೆರಡು ಮನೆ. ಅದರಲ್ಲಿ ಅತ್ತಿಗೆ, ಅವಳ ಐದು ಕೂಸುಗಳು. ಇತ್ತ ಕತ್ತರಿ ಅಕ್ಕ, ಕೈಯಲ್ಲಿ ಕೂದಲಿನ ಬಟ್ಟೆ ಹಿಡಿದು, ನನ್ನ ಬಾಯಿಯನ್ನೇ ನೋಡುತ್ತಾ ನಿಂತಿದ್ದಾಳೆ. ಸೋಮವಾರದ ಮತದಾನ ನನ್ನ ತಲೆಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಚೆನ್ನಾಗಿಯೇ ಬಂತು.

"ಕೊಡಲ್ಲ," ಎಂದೆ.

ಕುರ್ಚಿಯ ಎರಡು ಕೈಗಳಿಗೂ ದಾರ ಸುತ್ತಿ, ಗಂಟಿನ ಮೇಲೆ ಅರಗು ಒತ್ತಿ ಸೀಲು ಹಾಕಿದರು. ವಿಚಾರಣೆಯಾಗುವ ತನಕ ಮುಟ್ಟಬಾರದು ಎಂದರು. ಬಾಗಿಲಿಗೆ ನೋಟಿಸು ಅಂಟಿಸಿ ಹೋಗುವಾಗ ಅವರ ತಲೆ ಎರಡೂ ಕಡೆ ಸಮನಾಗಿ, ಬಹಳ ಅಚ್ಚುಕಟ್ಟಾಗಿತ್ತು.

"ಯಾವ ಪುಸ್ತಕ?" ಎಂದಳು ಕತ್ತರಿ ಅಕ್ಕ.

"ಆಮೇಲೆ ಹೇಳ್ತೀನಿ ಅಕ್ಕ. ಇನ್ನೂ ನಾಲ್ಕು ಬೀದಿ ಇದೆ," ಎಂದು ಹೇಳಿ ಓಡಿದೆ. ಅವಳ ಕೈಯನ್ನು ಒಂದು ಕ್ಷಣ ಹಿಡಿದುಕೊಳ್ಳಲೂ ಇಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅಂದು ಸಂಜೆಯೊಳಗೆ ಉಳಿದ ಎಂಟು ಮನೆಗಳಿಗೂ ಸೀಲು ಬಿತ್ತು. ಭಾನುವಾರದ ಹೊತ್ತಿಗೆ ಒಂಬತ್ತು ಮನೆಗಳ ಸುದ್ದಿ ವಾರ್ಡಿನ ಮೂಲೆಮೂಲೆಗೂ ಹೋಗಿತ್ತು. ನಮ್ಮ ಕಾರ್ಡಿನಿಂದಲೇ ಹೀಗಾಯಿತೆಂದು ಗೊತ್ತಾದರೆ ನಾವು ಮುಗಿದೆವು ಎಂದು ನಾನು ಹೆದರಿದ್ದೆ. ಅಣ್ಣ ಮಾತ್ರ ಕೊಳಾಯಿ ಬೀದಿಯ ನಡುವೆ ಒಂದು ಸ್ಟೂಲಿನ ಮೇಲೆ ನಿಂತು, ಆ ಕಾರ್ಡಿಗೆ ಸಹಿ ಹಾಕಿದ್ದು ನಾನೇ, ತಪ್ಪು ನನ್ನದೇ ಎಂದು ಹೇಳಿಬಿಟ್ಟ. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಆದರೆ ಜನ ಅವನನ್ನು ಬೈಯುತ್ತಲೇ ಪೂರ್ತಿ ಕೇಳಿಸಿಕೊಂಡರು. ತಪ್ಪು ನನ್ನದು ಎಂದು ಸ್ಟೂಲು ಹತ್ತಿ ಹೇಳಿದ ಅಭ್ಯರ್ಥಿಯನ್ನು ಅವರು ಅದುವರೆಗೆ ನೋಡಿರಲಿಲ್ಲ.

ಸೋಮವಾರ ನಾನು ಪಕ್ಷದವಳಲ್ಲದ ಕಾರಣ ಮತಗಟ್ಟೆಯ ಹತ್ತಿರ ಸುಳಿಯಲಿಲ್ಲ. ಬೆಳಗಿನಿಂದ ಮನೆಮನೆ ಬಾಗಿಲಲ್ಲಿ ನಿಂತು "ಕಾಲರ್ ಇದ್ಯಾ?" ಎಂದು ಕೂಗಿದೆ. ಸೋಮವಾರ ನಾನು ಕಾಲರ್ ತೆಗೆದುಕೊಂಡು ಹೋಗುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಕೊಳಾಯಿ ಬೀದಿಯ ಕೊನೆಯ ಮನೆಗೆ ಮಾತ್ರ ನಾನು ಹೋಗಲಿಲ್ಲ.

ಅಣ್ಣ ಅರವತ್ತನಾಲ್ಕು ಮತದಿಂದ ಗೆದ್ದ.

ನಗರಸಭೆಯಲ್ಲಿ ದೊಡ್ಡ ಪಕ್ಷಗಳೆರಡೂ ಎಂಟೆಂಟು. ಅಣ್ಣ ಹದಿನೇಳನೆಯವನು. ಅಧ್ಯಕ್ಷರ ಆಯ್ಕೆ ಹತ್ತಿರ ಬಂದಿತ್ತು, ಅವನಿಲ್ಲದೆ ಯಾರೂ ಅಧ್ಯಕ್ಷರಾಗುವಂತಿರಲಿಲ್ಲ. ಅವನ ಅಂಗಡಿಯ ಮುಂದೆ ಎರಡೂ ಕಡೆಯವರ ಕಾರುಗಳು ನಿಂತವು. ಅವನು ಕೇಳಿದ್ದು ಒಂದೇ, ಆ ಕಾನೂನು ರದ್ದಾಗಬೇಕು. ಮೂರು ವಾರದಲ್ಲಿ ರದ್ದಾಯಿತು. ಆದರೆ ಕಾನೂನು ಜಾರಿಯಲ್ಲಿದ್ದಾಗ ಹಾಕಿದ ಪ್ರಕರಣಗಳು ಉಳಿಯುತ್ತವೆ ಎಂದು ನಗರಸಭೆಯ ವಕೀಲರು ಹೇಳಿದರು. ಒಂಬತ್ತು ಮನೆಗಳ ಸೀಲು ಹಾಗೆಯೇ ಉಳಿಯಿತು. ಅಣ್ಣ ದಿನವೂ ಆ ಕಚೇರಿಗೆ ಅಲೆಯುತ್ತಿದ್ದ, ಬೆಳಿಗ್ಗೆ ಹೋಗಿ ಸಂಜೆ ಜೋಲು ಮುಖ ಹಾಕಿಕೊಂಡು ಬರುತ್ತಿದ್ದ.

ಬೇರೆ ವಾರ್ಡುಗಳಿಂದ ಜನ ಬರತೊಡಗಿದರು, ಹೇಗೆ ಗೆದ್ದಿರಿ ಎಂದು ಕೇಳಲು. ಒಂದು ದಿನ ಅಣ್ಣ ನನ್ನನ್ನು ಪಕ್ಕಕ್ಕೆ ಕರೆದು, "ನಿನ್ನ ಪುಸ್ತಕ ಇದೆಯಲ್ಲ, ಅಂಥದ್ದು ಇನ್ನೂ ಹದಿನಾರು ಬೇಕಾಗುತ್ತೆ," ಎಂದ. ಪಟ್ಟಿ ಸರ್ಕಾರದವರ ಚಾಳಿ ಎಂದ ಬಾಯಿ ಅದೇ. ನಾನು ಚೀಲ ಹೆಗಲಿಗೇರಿಸಿ ನೇರವಾಗಿ ಕತ್ತರಿ ಅಕ್ಕನ ಮನೆಗೆ ಹೋದೆ.

ಕುರ್ಚಿ ಗೋಡೆಯ ಪಕ್ಕ ಇತ್ತು, ಕೈಗಳಿಗೆ ದಾರ ಹಾಗೆಯೇ. ಅವಳು ಈಗ ಮೂರು ಬೀದಿ ಆಚೆಯ ಸಲೂನಿನಲ್ಲಿ ನೆಲ ಗುಡಿಸಲು ಹೋಗುತ್ತಿದ್ದಳು, ಆಗತಾನೆ ಬಂದಿದ್ದಳು. ನಾನು ಪುಸ್ತಕ ಹೊರತೆಗೆದೆ. "ಅಕ್ಕ, ನಿನ್ನ ಹೆಸರು ನಿನ್ನ ಕಣ್ಣೆದುರೇ ಹೊಡೆದು ಹಾಕ್ತೀನಿ. ಅದಕ್ಕೇ ಬಂದೆ."

"ಇದೇನಾ ಆ ಪುಸ್ತಕ? ಎಲ್ಲಿದೆ ನನ್ನ ಹೆಸರು?"

ಹಾಳೆ ತಿರುವಿ ತೋರಿಸಿದೆ. ತೋರಿಸಿದ ಮೇಲೆ ಹೆಸರಿನ ಮುಂದೆ ನಾನೇ ಬರೆದಿದ್ದ ಮಾತು ಕಣ್ಣಿಗೆ ಬಿದ್ದು ಬೆರಳಿನಿಂದ ಮುಚ್ಚಲು ಹೋದೆ. ಅವಳು ನನ್ನ ಬೆರಳನ್ನು ಎತ್ತಿ ಪಕ್ಕಕ್ಕಿಟ್ಟು, ಅಕ್ಷರ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದಳು.

"ಕತ್ತರಿ. ಒಬ್ಬಳೇ. ಕುರ್ಚಿ ಹೋದರೆ ಗತಿಯಿಲ್ಲ. ಭಯ ಇದೆ, ಖಂಡಿತ ಬರುತ್ತಾಳೆ."

ಹೊರಗೆ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು.

"ಬರೆಯೋಕೆ ಮುಂಚೆ ನನ್ನ ಒಂದು ಮಾತು ಕೇಳಿದ್ಯಾ?"

"ಇಲ್ಲ ಅಕ್ಕ."

"ಯಾರನ್ನಾದ್ರೂ ಕೇಳಿದ್ಯಾ?"

"ಇಲ್ಲ."

ಅವಳು ಪುಸ್ತಕ ಮುಚ್ಚಿ ನನ್ನ ಮಡಿಲಿಗೆ ಹಾಕಿದಳು. "ನಾನು ಬಂದೆ ಕಣೇ. ನೀನು ಕರೆಯೋಕೆ ಬರದಿದ್ರೂ ಬಂದು ನಿಮ್ಮಣ್ಣನಿಗೇ ಒತ್ತಿದೆ. ಭಯಕ್ಕಲ್ಲ. ಕುರ್ಚಿ ಹೋದ ಮೇಲೆ ಇನ್ಯಾವ ಭಯ? ಸಿಟ್ಟಿಗೆ ಬಂದೆ. ಹೊಡೆದು ಹಾಕಬೇಡ, ಅದನ್ನೂ ಬರ್ಕೋ."

ಸಿಟ್ಟು ಯಾರ ಮೇಲೆ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ.